ಮುಂದಿನ ಸೀಟಿಗೆ ದುಡ್ಡು ಕೊಟ್ಟರೆ ಸೇವೆಯೂ ಚೆನ್ನಾಗಿರುತ್ತದಾ?

ಪ್ರಶ್ನೆ: ಮುಂದಿನ ತಿಂಗಳು ಅಮ್ಮನ ಜೊತೆ 11 ಗಂಟೆ ಹೊತ್ತು ಹಾರುವ ರಾತ್ರಿ ವಿಮಾನದಲ್ಲಿ ಹೋಗಬೇಕು. ಅಮ್ಮನಿಗೆ 68 ವರ್ಷ, ಮಂಡಿ ನೋವಿದೆ. ಕಳೆದ ಸಲ ನಾನೊಬ್ಬಳೇ ಎಕಾನಮಿಯಲ್ಲಿ ಹೋದಾಗ ಸಿಬ್ಬಂದಿ ಮುಖ ಕೊಟ್ಟು ಮಾತಾಡಲಿಲ್ಲ. ಬಟನ್ ಒತ್ತಿ ಅರ್ಧ ಗಂಟೆಯಾದ ಮೇಲೆ ಒಂದು ಲೋಟ ನೀರು ಬಂತು. ಈ ಸಲ ಪ್ರೀಮಿಯಂ ಎಕಾನಮಿಯೋ ಬಿಸಿನೆಸ್ಸೋ ತಗೊಂಡರೆ ಸೇವೆ ಚೆನ್ನಾಗಿರುತ್ತದೆಯೇ? ಅಮ್ಮನನ್ನು ಮಾತ್ರ ಬಿಸಿನೆಸ್‌ನಲ್ಲಿ ಕೂರಿಸಿ ನಾನು ಹಿಂದೆ ಕೂತರೆ ಹೇಗೆ? ಅಷ್ಟು ದುಡ್ಡು ಸುರಿಯುವುದಕ್ಕೆ ಅರ್ಥ ಇದೆಯಾ?

ಉತ್ತರ: ಆ ನೀರಿನ ಲೋಟದಿಂದಲೇ ಶುರು ಮಾಡುತ್ತೇನೆ. 14 ವರ್ಷ ಗಗನಸಖಿಯಾಗಿ ಅದೇ ಲೋಟ ಹಿಡಿದು ಓಡಾಡಿದವಳು ನಾನು. ಈಗ ಹೊಸದಾಗಿ ಸೇರುವವರಿಗೆ ಕೆಲಸ ಕಲಿಸುತ್ತೇನೆ. ಹಾಗಾಗಿ ಆ ಅರ್ಧ ಗಂಟೆಯಲ್ಲಿ ಪರದೆಯ ಆಚೆ ಏನು ನಡೆದಿರಬಹುದು ಅನ್ನುವುದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.

ನೀವು ಬಟನ್ ಒತ್ತಿದ್ದು ಬಹುಶಃ ಊಟ ಮುಗಿದು ದೀಪ ಆರಿಸಿದ ಮೇಲೆ. ಗ್ಯಾಲಿಯಲ್ಲಿ, ಅಂದರೆ ಓವನ್ನು, ಟ್ರಾಲಿ ಎಲ್ಲ ಇರುವ ನಮ್ಮ ಮೂಲೆಯಲ್ಲಿ, ಟಿಂಗ್ ಅಂತ ಸದ್ದು ಬರುತ್ತದೆ. ಒಂದು ಸಣ್ಣ ದೀಪ ಹತ್ತುತ್ತದೆ. ಆದರೆ ಅದನ್ನು ನೋಡಲು ಅಲ್ಲಿ ಎಷ್ಟು ಜನ ಇರುತ್ತಾರೆ ಗೊತ್ತಾ? ಉದ್ದನೆಯ ರಾತ್ರಿ ಹಾರಾಟದಲ್ಲಿ ಸಿಬ್ಬಂದಿ ಪಾಳಿ ಮೇಲೆ ಮಲಗುತ್ತಾರೆ. ಎಷ್ಟೋ ದೊಡ್ಡ ವಿಮಾನಗಳಲ್ಲಿ ಪ್ರಯಾಣಿಕರ ತಲೆಯ ಮೇಲೆ, ಚಾವಣಿಯೊಳಗೆ, ಕಿರಿದಾದ ಮೆಟ್ಟಿಲು ಹತ್ತಿ ಹೋಗುವ ಒಂದು ಗೂಡಿರುತ್ತದೆ. ಕಿಟಕಿ ಇಲ್ಲ, ನೆಟ್ಟಗೆ ನಿಲ್ಲಲು ಆಗುವುದಿಲ್ಲ, ಸಾಲಾಗಿ ಹಾಸಿಗೆಗಳು. ಅರ್ಧ ಜನ ಅಲ್ಲಿ ಮಲಗಿರುವಾಗ ಇಡೀ ಎಕಾನಮಿಗೆ ಮೂರೋ ನಾಲ್ಕೋ ಜನ ಉಳಿಯುತ್ತಾರೆ. ಅವರಲ್ಲಿ ಒಬ್ಬರು ಮಗುವಿನ ಹಾಲಿನ ಬಾಟಲಿ ಬಿಸಿ ಮಾಡುತ್ತಿರುತ್ತಾರೆ. ಇನ್ನೊಬ್ಬರು ಟಾಯ್ಲೆಟ್ ಒರೆಸುತ್ತಿರುತ್ತಾರೆ. ಮತ್ತೊಬ್ಬರು ತಲೆ ಸುತ್ತಿ ಬಿದ್ದವರ ಪಕ್ಕ ಆಕ್ಸಿಜನ್ ಸಿಲಿಂಡರ್ ಹಿಡಿದು ಮಂಡಿಯೂರಿ ಕೂತಿರುತ್ತಾರೆ.

ಇನ್ನೂ ಒಂದು ವಿಷಯ ಇದೆ, ಅದನ್ನು ಹೊರಗೆ ಯಾರೂ ಹೇಳುವುದಿಲ್ಲ. ಕಾಲ್ ಬಟನ್‌ನ ಕರೆಗಳಲ್ಲಿ ಎಷ್ಟೋ ಕರೆಗಳು ಕರೆಗಳೇ ಅಲ್ಲ. ಕೈಯೂರುವ ಕಡೆ ಇರುವ ಗುಂಡಿಗಳಲ್ಲಿ ಓದುವ ದೀಪದ್ದೂ ಕಾಲ್ ಬಟನ್ನೂ ಅಕ್ಕಪಕ್ಕ ಇರುತ್ತವೆ. ದೀಪ ಅಂತ ಒತ್ತುವವರು, ನಿದ್ದೆಯಲ್ಲಿ ಮೊಣಕೈ ತಾಗಿಸುವವರು ಪ್ರತಿ ಹಾರಾಟದಲ್ಲೂ ಇರುತ್ತಾರೆ. ಹತ್ತು ಸಲ ಹೋಗಿ ನೋಡಿ, ಆರು ಸಲ ಆ ಸೀಟಿನವರು ಗೊರಕೆ ಹೊಡೆಯುತ್ತಿದ್ದರೆ ಹನ್ನೊಂದನೇ ಸಲ ಕಾಲು ತಾನಾಗಿಯೇ ನಿಧಾನ ಆಗುತ್ತದೆ. ನಾನೂ ಹಾಗೆ ಮಾಡಿದ್ದೇನೆ. ಒಂದು ರಾತ್ರಿ ಒಬ್ಬ ಅಜ್ಜನ ದೀಪ ಮೂರು ಸಲ ಹತ್ತಿತು. ಮೂರು ಸಲವೂ ಕತ್ತಲಲ್ಲಿ ಹೋಗಿ, ಕೈ ತಾಗಿರಬೇಕು ಅಂದುಕೊಂಡು, ಏನೂ ಕೇಳದೆ ಆರಿಸಿ ಬಂದೆ. ನಾಲ್ಕನೇ ಸಲ ಅವರು ನನ್ನ ಕೈ ಹಿಡಿದುಕೊಂಡರು. ಟಾಯ್ಲೆಟ್ ಬಾಗಿಲು ತಳ್ಳುವುದೋ ಎಳೆಯುವುದೋ ತಿಳಿಯದೆ ಆಗಲೇ ಎರಡು ಸಲ ಹೋಗಿ ವಾಪಸ್ ಬಂದು ಕೂತಿದ್ದರು ಪಾಪ. ಆಮೇಲೆ ನಾನು ದೀಪ ಆರಿಸುವ ಮೊದಲು ಬಾಯಿ ಬಿಟ್ಟು ಕೇಳುವುದನ್ನು ಕಲಿತೆ. ಹೊಸಬರಿಗೆ ಮೊದಲ ದಿನ ಹೇಳುವ ಕಥೆಯೂ ಅದೇ.

ಮುಖ ಕೊಟ್ಟು ಮಾತಾಡದ್ದಕ್ಕೆ ಇದು ನೆಪ ಆಗುವುದಿಲ್ಲ, ಬಿಡಿ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಸೀಟು ಬದಲಾದರೆ ಜನ ಬದಲಾಗುವುದಿಲ್ಲ, ಲೆಕ್ಕ ಬದಲಾಗುತ್ತದೆ. ಅಮೆರಿಕ, ಯುರೋಪ್ ಸೇರಿದಂತೆ ಬಹಳಷ್ಟು ಕಡೆ ಕಾನೂನು ಕೇಳುವುದು 50 ಸೀಟಿಗೆ ಒಬ್ಬ ಸಿಬ್ಬಂದಿ. ಎಕಾನಮಿಯಲ್ಲಿ ಒಬ್ಬೊಬ್ಬರ ಪಾಲಿಗೆ 30–40 ಜನ ಬರುವುದು ಮಾಮೂಲು. ಬಿಸಿನೆಸ್‌ನಲ್ಲಿ ಅದೇ ಒಬ್ಬರಿಗೆ ಹತ್ತು–ಹನ್ನೆರಡು ಜನ. ಎಷ್ಟೋ ಕಂಪನಿಗಳಲ್ಲಿ ಇವತ್ತು ಹಿಂದೆ ಟ್ರಾಲಿ ತಳ್ಳಿದವರೇ ನಾಳೆ ಮುಂದೆ ಗಾಜಿನ ಲೋಟದಲ್ಲಿ ನೀರು ಕೊಡುತ್ತಾರೆ. ಒಂದಷ್ಟು ಹೆಚ್ಚಿನ ತರಬೇತಿ ಇರುತ್ತದೆ, ಸರ್ವಿಸ್ ಜಾಸ್ತಿ ಆದವರಿಗೆ ಮುಂದಿನ ಡ್ಯೂಟಿ ಸಿಗುವ ಪದ್ಧತಿ ಕೆಲವು ಕಡೆ ಇದೆ, ಅಷ್ಟೇ. ಹಿಂದೆ ಗಂಟು ಮುಖ ಹಾಕಿಕೊಂಡಿದ್ದವಳು ಮುಂದೆ ಹೋದ ತಕ್ಷಣ ನಗುವುದನ್ನು ನಾನೇ ನೋಡಿದ್ದೇನೆ. ಅವಳ ಗುಣವೇನೂ ರಾತ್ರೋರಾತ್ರಿ ಬದಲಾಗಿರಲಿಲ್ಲ. ನಗುವುದಕ್ಕೆ ಪುರುಸೊತ್ತು ಸಿಕ್ಕಿತ್ತು.

ಪ್ರೀಮಿಯಂ ಎಕಾನಮಿಯಲ್ಲಿ ಈ ಲೆಕ್ಕ ಮಧ್ಯದಲ್ಲೆಲ್ಲೋ ನಿಲ್ಲುತ್ತದೆ. ಹತ್ತುವಾಗ ಒಂದು ಪಾನೀಯ, ಸ್ವಲ್ಪ ಚೆನ್ನಾಗಿರುವ ತಟ್ಟೆ, ದಪ್ಪ ಕಂಬಳಿ. ರಾತ್ರಿ ಎರಡು ಗಂಟೆಗೆ ಬಟನ್ ಒತ್ತಿದರೆ ಎಕಾನಮಿಗಿಂತ ಬೇಗ ಬರುತ್ತಾರೆ, ಬಿಸಿನೆಸ್‌ನಷ್ಟು ಬೇಗ ಅಲ್ಲ. ಬರೀ ಸೇವೆಗೋಸ್ಕರ ಅಂತ ಪ್ರೀಮಿಯಂ ಎಕಾನಮಿ ತಗೊಳ್ಳುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ಒಂದು ನಿಮಿಷ ಬೇರೆ ಕಡೆ ಹೋಗುತ್ತೇನೆ. 50 ಸೀಟಿಗೆ ಒಬ್ಬರು ಅನ್ನುವ ಲೆಕ್ಕ ಬಂದದ್ದು ಊಟ ಬಡಿಸುವುದಕ್ಕಲ್ಲ, ಅಪಾಯ ಬಂದಾಗ ಜನರನ್ನು ಬೇಗ ಹೊರಗೆ ಇಳಿಸುವುದಕ್ಕೆ. ಹೊಸ ಮಾದರಿಯ ವಿಮಾನಕ್ಕೆ ಅನುಮತಿ ಸಿಗಬೇಕಾದರೆ ಅರ್ಧ ಬಾಗಿಲು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬಹುದು ಅಂತ ತೋರಿಸಬೇಕು. 1930ರಲ್ಲಿ ಅಮೆರಿಕದ ಮೊದಲ ಗಗನಸಖಿಯಾದ ಎಲೆನ್ ಚರ್ಚ್ ವೃತ್ತಿಯಿಂದ ನರ್ಸ್. ಜನ ವಿಮಾನ ಅಂದರೆ ಹೆದರುತ್ತಿದ್ದ ಕಾಲ ಅದು, ನರ್ಸ್ ಜೊತೆಗಿದ್ದರೆ ಧೈರ್ಯ ಬರುತ್ತದೆ ಅಂತ ಕಂಪನಿಯನ್ನು ಒಪ್ಪಿಸಿದ್ದೂ ಅವರೇ. 2024ರ ಜನವರಿ 2ರಂದು ಟೋಕಿಯೊದ ಹನೇಡಾ ವಿಮಾನ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್‌ನ ವಿಮಾನ ಇನ್ನೊಂದು ವಿಮಾನಕ್ಕೆ ಬಡಿದು ಹೊತ್ತಿಕೊಂಡಿತಲ್ಲ, ಅದರಲ್ಲಿದ್ದದ್ದು 379 ಜನ. ಎಂಟು ಬಾಗಿಲಲ್ಲಿ ಬಳಸಲು ಆದದ್ದು ಮೂರೇ. ಮೈಕ್ ಕೆಟ್ಟಿತ್ತು. ಸಿಬ್ಬಂದಿ ಮೆಗಾಫೋನ್ ಹಿಡಿದು, ಗಂಟಲು ಹರಿಯುವ ಹಾಗೆ ಕೂಗಿ ಆ 379 ಜನರನ್ನೂ ಇಳಿಸಿದರು. ನಾನು ಇದನ್ನು ತರಗತಿಯಲ್ಲಿ ಹೇಳುವಾಗ ಯಾವ ಸಾಲಿನವರು ಎಷ್ಟು ದುಡ್ಡು ಕೊಟ್ಟಿದ್ದರು ಅಂತ ಒಬ್ಬರೂ ಕೇಳಿಲ್ಲ.

ಸರಿ, ಸೀಟಿಗೆ ಬರೋಣ. ದುಡ್ಡು ಕೊಟ್ಟು ನೀವು ನಿಜವಾಗಿ ಕೊಳ್ಳುವುದು ಜಾಗ. ಒಂದು ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿಗೆ ಇರುವ ದೂರಕ್ಕೆ ಪಿಚ್ ಅನ್ನುತ್ತಾರೆ. ಉದ್ದದ ಹಾರಾಟದ ಎಕಾನಮಿಯಲ್ಲಿ ಅದು ಸಾಮಾನ್ಯವಾಗಿ 31–32 ಇಂಚು, ಅಗಲ 17–18 ಇಂಚು. ಪ್ರೀಮಿಯಂ ಎಕಾನಮಿಯಲ್ಲಿ ಪಿಚ್ 38 ಇಂಚಿನ ಆಸುಪಾಸು, ಅಗಲ 19ರ ಹತ್ತಿರ. ಓದುವಾಗ ಆರು ಇಂಚು ಏನು ಮಹಾ ಅನ್ನಿಸುತ್ತದೆ. ಮುಂದಿನವನು ಸೀಟು ಹಿಂದಕ್ಕೆ ಬಾಗಿಸಿದ ಕ್ಷಣ ಅದರ ಬೆಲೆ ಗೊತ್ತಾಗುತ್ತದೆ. ಎಕಾನಮಿಯಲ್ಲಿ ಎದುರಿನ ಟಿವಿ ಪರದೆ ಮೂಗಿಗೆ ಬರುತ್ತದೆ. ಪ್ರೀಮಿಯಂ ಎಕಾನಮಿಯಲ್ಲಿ ಪಕ್ಕದವರನ್ನು ಪೂರ್ತಿ ಏಳಿಸದೆ ಹೊರಗೆ ಬರಬಹುದು.

ಬಿಸಿನೆಸ್ ಅಂದರೆ ಹಾಸಿಗೆ. 2000ನೇ ಇಸವಿಯಲ್ಲಿ ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ಕ್ಲಾಸಿನಲ್ಲಿ ಪೂರ್ತಿ ಸಪಾಟಾಗುವ ಸೀಟು ತಂದ ಮೇಲೆ ಉಳಿದವರಿಗೂ ಬೇರೆ ದಾರಿ ಇರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಇದೆಯಲ್ಲ, ಇಲ್ಲಿ ಕಾಲು ಚಾಚಬೇಕಾದರೆ ಹಾಸಿಗೆಯನ್ನೇ ಕೊಳ್ಳಬೇಕು. ಅದರಲ್ಲೂ ಒಂದು ಕಿರಿಕಿರಿ ಇದೆ. ಎಷ್ಟೋ ಬಿಸಿನೆಸ್ ಸೀಟುಗಳಲ್ಲಿ ಪಾದಗಳು ಮುಂದಿನ ಸೀಟಿನ ಪಕ್ಕದ ಒಂದು ಸಣ್ಣ ಗೂಡಿನೊಳಗೆ ಹೋಗುತ್ತವೆ. ಎತ್ತರದವರಿಗೆ, ಮಗ್ಗುಲು ಬದಲಾಯಿಸುತ್ತಲೇ ಇರುವವರಿಗೆ ಅದು ಕಾಲಿಗೆ ಪೆಟ್ಟಿಗೆ ತೊಡಿಸಿದ ಹಾಗೆ. ಮೊದಲ ಸಾಲಿನ ಸೀಟುಗಳಲ್ಲಿ ಈ ಗೂಡು ಸಾಮಾನ್ಯವಾಗಿ ದೊಡ್ಡದಿರುತ್ತದೆ.

ಹೆಸರು ನೋಡಿ ಮೋಸ ಹೋಗಬೇಡಿ. ಯುರೋಪಿನೊಳಗಿನ ಸಣ್ಣ ಹಾರಾಟಗಳಲ್ಲಿ ಬಿಸಿನೆಸ್ ಅಂದರೆ ಬಹುತೇಕ ಅದೇ ಎಕಾನಮಿ ಸೀಟು, ನಡುವಿನ ಒಂದನ್ನು ಖಾಲಿ ಬಿಟ್ಟಿರುತ್ತಾರೆ. ಎರಡು ವಿಮಾನ ಬದಲಾಯಿಸುವ ಟಿಕೆಟ್ಟಿನಲ್ಲಿ ಪ್ರೀಮಿಯಂ ಎಕಾನಮಿ ಅಂತ ಇದ್ದರೂ ಸಣ್ಣ ಹಾರಾಟದಲ್ಲಿ ಆ ಕ್ಲಾಸೇ ಇಲ್ಲದಿರಬಹುದು. ಆಗ ಅಷ್ಟು ದೂರ ಎಕಾನಮಿಯೇ ಗತಿ. ಹಾಗಾಗಿ ಕ್ಲಾಸಿಗಿಂತ ಮೊದಲು ವಿಮಾನದ ಮಾದರಿ ನೋಡಿ. ಬೋಯಿಂಗ್ 777ರ ಎಕಾನಮಿಯಲ್ಲಿ ಮೊದಲು ಒಂದು ಸಾಲಿಗೆ 9 ಸೀಟು ಇರುತ್ತಿತ್ತು, ಈಗ ಬಹಳ ಕಂಪನಿಗಳು 10 ತುಂಬಿಸಿವೆ. ಏರ್‌ಬಸ್ ಎ350ರಲ್ಲಿ 9 ಸೀಟಿನ ಸಾಲೇ ಹೆಚ್ಚು, ಅಗಲ 18 ಇಂಚಿನ ಹತ್ತಿರ. ಭುಜಕ್ಕೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಜೊತೆಗೆ ಎ350, ಬೋಯಿಂಗ್ 787 ಎರಡರಲ್ಲೂ ಒಳಗಿನ ಗಾಳಿಯ ಒತ್ತಡ 6,000 ಅಡಿ ಎತ್ತರದ ಬೆಟ್ಟದಲ್ಲಿ ಇರುವಷ್ಟು ಇರುತ್ತದೆ. ಹಳೆಯ ಮಾದರಿಗಳಲ್ಲಿ ಅದು 8,000 ಅಡಿವರೆಗೂ ಹೋಗುತ್ತದೆ. ಇಳಿದಾಗ ತಲೆಭಾರ ಕಡಿಮೆ ಅನ್ನುವುದು ನನ್ನ ಅನುಭವ. ಇದು ಎಲ್ಲ ಕ್ಲಾಸಿನವರಿಗೂ ಪುಕ್ಕಟೆ ಸಿಗುವ ಲಾಭ. ಹಳೆಯ ವಿಮಾನದ ಪ್ರೀಮಿಯಂ ಎಕಾನಮಿಗಿಂತ ಹೊಸ ವಿಮಾನದ ಎಕಾನಮಿಯ ಒಳ್ಳೆ ಸೀಟು ವಾಸಿ ಅನ್ನಿಸಿದ ಪ್ರಯಾಣಗಳು ನನಗಿವೆ.

ಅಮ್ಮನನ್ನು ಮುಂದೆ ಕೂರಿಸಿ ನೀವು ಹಿಂದೆ ಕೂರುವ ವಿಚಾರಕ್ಕೆ ನನ್ನ ಉತ್ತರ ಒಂದೇ: ಬೇಡ. ಪ್ರೀತಿಯಿಂದಲೇ ಮಾಡುತ್ತೀರಿ, ಗೊತ್ತು. ಎಷ್ಟೋ ಮಕ್ಕಳು ಹೀಗೆ ಮಾಡುವುದನ್ನು ನೋಡಿದ್ದೇನೆ. ಆಮೇಲೆ ಏನಾಗುತ್ತದೆ ಅಂದರೆ, ಹಿಂದಿನ ಕ್ಲಾಸಿನವರು ಪರದೆ ದಾಟಿ ಮುಂದೆ ಬರುವುದನ್ನು ಸಿಬ್ಬಂದಿ ಸಾಮಾನ್ಯವಾಗಿ ಬಿಡುವುದಿಲ್ಲ. ಒಂದು ಸಲ ಬಿಟ್ಟಾರು, ಮೂರನೇ ಸಲ ತಡೆಯುತ್ತಾರೆ. ತಾಯಿ ಅಲ್ಲಿ ಒಂದು ಡಜನ್ ಗುಂಡಿಗಳಿರುವ ಸೀಟಿನಲ್ಲಿ ಒಬ್ಬರೇ. ಸೀಟು ಹಾಸಿಗೆ ಮಾಡುವುದು ಹೇಗೆ ಅಂತ ಕೇಳಲು ಸಂಕೋಚ. ರಾತ್ರಿಯಿಡೀ ನೆಟ್ಟಗೆ ಕೂತೇ ಬಂದ ಒಬ್ಬ ತಾಯಿಯನ್ನು ನಾನು ಬೆಳಗ್ಗೆ ಕಾಫಿ ಕೊಡುವಾಗ ಗಮನಿಸಿದೆ. ಹಾಸಿಗೆಯ ದುಡ್ಡು ಕೊಟ್ಟವನು 30 ಸಾಲು ಹಿಂದೆ, ಅಮ್ಮ ಆರಾಮಾಗಿ ಮಲಗಿರುತ್ತಾಳೆ ಅಂದುಕೊಂಡು ಬಂದಿದ್ದ. ಇಬ್ಬರೂ ಬಿಸಿನೆಸ್, ಅಥವಾ ಇಬ್ಬರೂ ಪ್ರೀಮಿಯಂ ಎಕಾನಮಿ, ಅಥವಾ ಇಬ್ಬರೂ ಎಕಾನಮಿ. ಜೊತೆಯಲ್ಲಿ ಕೂರುವುದಕ್ಕೇ ಬೆಲೆ ಜಾಸ್ತಿ.

ಮಂಡಿ ನೋವಿಗೆ ಯಾವ ಸೀಟು? ತುರ್ತು ಬಾಗಿಲ ಸಾಲು ಅಂತೂ ಸಿಗುವುದಿಲ್ಲ. ಅಲ್ಲಿ ಕೂರುವವರು ಬಾಗಿಲು ತೆರೆಯಲು ನೆರವಾಗುವಷ್ಟು ಗಟ್ಟಿಮುಟ್ಟಾಗಿರಬೇಕು ಅನ್ನುವುದು ನಿಯಮ. ಗೋಡೆಯ ಎದುರಿನ ಮೊದಲ ಸಾಲು ನೋಡಲು ವಿಶಾಲ, ಆದರೆ ಗೋಡೆ ಇರುವುದರಿಂದ ಕಾಲು ಪೂರ್ತಿ ಚಾಚಲು ಆಗುವುದಿಲ್ಲ. ಊಟದ ಟ್ರೇ ಕೈಯೂರಿನೊಳಗೆ, ಅಂದರೆ ಆರ್ಮ್‌ರೆಸ್ಟಿನೊಳಗೆ, ಇರುವುದರಿಂದ ಆ ಕೈಯೂರನ್ನು ಎತ್ತಲೂ ಬರುವುದಿಲ್ಲ. ತೊಟ್ಟಿಲು ಕಟ್ಟುವುದೂ ಅಲ್ಲೇ, ಅಂದರೆ ಪಕ್ಕದಲ್ಲಿ ಕೂಸು ಇರುವ ಸಾಧ್ಯತೆ ಜಾಸ್ತಿ. ಅಮ್ಮನಿಗೆ ಬೇಕಾದದ್ದು ಓಡಾಡುವ ದಾರಿಯ ಪಕ್ಕದ ಸೀಟು, ಟಾಯ್ಲೆಟ್ಟಿಗೆ ಐದಾರು ಸಾಲು ದೂರ. ತೀರಾ ಹತ್ತಿರ ಆದರೆ ರಾತ್ರಿಯಿಡೀ ಬಾಗಿಲ ಸದ್ದು. ಯಾವ ಮಂಡಿ ನೋಯುತ್ತದೋ ಆ ಕಾಲು ದಾರಿಯ ಕಡೆಗೆ ಬರುವ ಹಾಗೆ ಎಡವೋ ಬಲವೋ ನೋಡಿ ಆರಿಸಿ.

ಈಗ ಒಂದು ಗುಟ್ಟು. ದಾರಿ ಕಡೆಯ ಕೈಯೂರು ಏಳುವುದಿಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಎಕಾನಮಿಯ ಹಲವು ಸಾಲುಗಳಲ್ಲಿ ಅದು ಏಳುತ್ತದೆ. ಅದರ ಕೆಳಗೆ, ಬೆನ್ನಿನ ಕಡೆಯ ತುದಿಯಲ್ಲಿ, ಬೆರಳಿಟ್ಟು ತಡವಿದರೆ ಒಂದು ಸಣ್ಣ ಗುಂಡಿಯೋ ಕೊಕ್ಕೆಯೋ ಸಿಗುತ್ತದೆ. ಅದನ್ನು ಒತ್ತಿ ಹಿಡಿದು ಎತ್ತಿದರೆ ಕೈಯೂರು ಮೇಲಕ್ಕೆ ಹೋಗುತ್ತದೆ. ಅಮ್ಮ ಆಗ ಮಂಡಿ ತಿರುಚದೆ, ಎರಡೂ ಕಾಲು ದಾರಿಗೆ ಹಾಕಿ, ಮಂಚದಿಂದ ಏಳುವ ಹಾಗೆ ಎದ್ದು ನಿಲ್ಲಬಹುದು. ವಿಮಾನ ಏರುವಾಗ, ಇಳಿಯುವಾಗ ಅದು ಕೆಳಗಿರಬೇಕು, ಅಷ್ಟೇ. ತಮಾಷೆ ಏನೆಂದರೆ ಪ್ರೀಮಿಯಂ ಎಕಾನಮಿಯಲ್ಲಿ ಟ್ರೇಯೂ ಟಿವಿ ಪರದೆಯೂ ಕೈಯೂರಿನೊಳಗೇ ಇರುವ ಸೀಟುಗಳು ಬಹಳ. ಅಂಥವು ಅಲ್ಲಾಡುವುದಿಲ್ಲ. ಜಾಗ ಜಾಸ್ತಿ, ಹೊರಬರುವುದು ಮಾತ್ರ ಕಷ್ಟ. ಬುಕ್ ಮಾಡುವ ಮೊದಲು ಕಂಪನಿಗೆ ಫೋನ್ ಮಾಡಿ, ಎತ್ತುವ ಕೈಯೂರು ಯಾವ ಸಾಲಿನಲ್ಲಿದೆ ಅಂತ ಕೇಳಿ.

ಕಾಲಿನ ರಕ್ತ ಹೆಪ್ಪುಗಟ್ಟುವ ಭಯಕ್ಕೆ ಬಿಸಿನೆಸ್ ತಗೊಳ್ಳುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿ ಪ್ರಕಾರ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕೂತು ಪ್ರಯಾಣ ಮಾಡಿದರೆ ಆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಆದರೂ ಅದು 6,000 ಜನರಲ್ಲಿ ಒಬ್ಬರಿಗೆ ಬರುವಷ್ಟು. ಬಸ್ಸು, ಕಾರು, ರೈಲಿಗೂ ಅದೇ ಮಾತು. ಅಪಾಯ ಇರುವುದು ಅಲ್ಲಾಡದೆ ಕೂರುವುದರಲ್ಲಿ. ಬಿಸಿನೆಸ್‌ನಲ್ಲಿ ಕೂತೂ ಕಾಲು ಆಡಿಸದಿದ್ದರೆ ಉಪಯೋಗ ಏನು? ಅಮ್ಮನಿಗೆ ಬೇರೆ ಕಾಯಿಲೆ ಇದ್ದರೆ ಡಾಕ್ಟರನ್ನು ಮೊದಲೇ ಕೇಳಿಬಿಡಿ.

ದುಡ್ಡಿನ ವಿಷಯ. ನಾನು ನೋಡಿದ ಮಟ್ಟಿಗೆ ಪ್ರೀಮಿಯಂ ಎಕಾನಮಿ ಎಕಾನಮಿಯ ಒಂದೂವರೆಯಿಂದ ಎರಡು ಪಟ್ಟು. ಬಿಸಿನೆಸ್ ಮೂರರಿಂದ ಐದು ಪಟ್ಟು. ನಾನು ನನಗೇ ಹಾಕಿಕೊಂಡ ಲೆಕ್ಕ ಸರಳ: ಜಾಸ್ತಿ ಕೊಡುವ ದುಡ್ಡನ್ನು ಜಾಸ್ತಿ ಸಿಗುವ ನಿದ್ದೆಯ ಗಂಟೆಗಳಿಂದ ಭಾಗಿಸುವುದು. ಹಗಲು ಹಾರಾಟದಲ್ಲಿ ನಿದ್ದೆಯೇ ಇಲ್ಲ, ಆದ್ದರಿಂದ ಬಿಸಿನೆಸ್ ನನಗೆ ದಂಡ. ಆರು ಗಂಟೆ ಹೊತ್ತಿನ ರಾತ್ರಿ ಹಾರಾಟದಲ್ಲಿ ಏರಿಳಿತ, ಊಟ ಕಳೆದರೆ ಮಲಗಲು ಮೂರೂವರೆ ಗಂಟೆ ಉಳಿಯುತ್ತದೆ, ಅದಕ್ಕೂ ಬೇಡ. 11 ಗಂಟೆ ಹೊತ್ತಿನ ರಾತ್ರಿ ಹಾರಾಟದಲ್ಲಿ ಮಲಗಲು ಏಳು ಗಂಟೆ ಸಿಗುತ್ತದೆ. ಅಲ್ಲಿ ಹಾಸಿಗೆಗೆ ಅರ್ಥ ಇದೆ, ಕೈಯಲ್ಲಿ ದುಡ್ಡಿದ್ದರೆ. ಸಾಲ ಮಾಡಿ ಕೊಳ್ಳುವ ಹಾಸಿಗೆ ಅಲ್ಲ ಅದು.

ಹೊರಡುವ ಕೆಲವು ದಿನ ಮೊದಲು ಎಷ್ಟೋ ಕಂಪನಿಗಳು ಮೇಲಿನ ಕ್ಲಾಸಿಗೆ ಹರಾಜಿನ ಥರ ಬಿಡ್ ಹಾಕಲು ಮೇಲ್ ಕಳಿಸುತ್ತವೆ. ಅಲ್ಲಿ ಹಾಕುವ ಮೊತ್ತ ಸಾಮಾನ್ಯವಾಗಿ ತಲೆಗೆ, ಒಂದು ಹಾರಾಟಕ್ಕೆ. ಇಬ್ಬರಿಗೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿಯೇ ಒತ್ತಿ. ಎಕಾನಮಿಯಲ್ಲಿ ದುಡ್ಡು ಕೊಟ್ಟು ಆರಿಸಿಕೊಂಡ ಒಳ್ಳೆ ಸೀಟು ಅಪ್‌ಗ್ರೇಡ್ ಆದಾಗ ಹೋಗುತ್ತದೆ, ಮುಂದೆ ಪಕ್ಕಪಕ್ಕ ಸೀಟು ಸಿಗುವ ಖಾತ್ರಿಯೂ ಇಲ್ಲ. ಉಲ್ಟಾ ಆದರೆ, ಅಂದರೆ ಮೇಲಿನ ಕ್ಲಾಸಿನ ದುಡ್ಡು ಕೊಟ್ಟವರನ್ನು ಕೆಳಗೆ ಕೂರಿಸಿದರೆ, ಸುಮ್ನೆ ಬರಬೇಡಿ. ಯುರೋಪ್ ಒಕ್ಕೂಟದ ನಿಯಮ ಅನ್ವಯಿಸುವ ಹಾರಾಟಗಳಲ್ಲಿ ದೂರಕ್ಕೆ ತಕ್ಕಂತೆ ಟಿಕೆಟ್ ದರದ 30, 50 ಅಥವಾ 75 ಶೇಕಡಾ ವಾಪಸ್ ಕೊಡಬೇಕು. ಬೋರ್ಡಿಂಗ್ ಪಾಸು ಬಿಸಾಡದೆ ಇಟ್ಟುಕೊಳ್ಳಿ.

ಊಟಕ್ಕೋಸ್ಕರ ಮೇಲಿನ ಕ್ಲಾಸ್ ಬೇಡವೇ ಬೇಡ. ಎಲ್ಲ ಕ್ಲಾಸಿನದೂ ನೆಲದ ಮೇಲೆ ಬೇಯಿಸಿ, ತಣ್ಣಗೆ ಮಾಡಿ, ಮೇಲೆ ಬಿಸಿ ಮಾಡುವುದೇ. ಒಣ ಗಾಳಿ, ಕಡಿಮೆ ಒತ್ತಡ, ಇಂಜಿನ್ ಸದ್ದು ಸೇರಿ ನಾಲಿಗೆಯೇ ಮಂಕಾಗಿರುತ್ತದೆ. ಪಿಂಗಾಣಿ ತಟ್ಟೆಗೆ ರುಚಿ ತರುವ ಶಕ್ತಿ ಇಲ್ಲ.

ಹಾಗಾದರೆ ಎಕಾನಮಿಯಲ್ಲೇ ಒಳ್ಳೆ ಸೇವೆ ಸಿಗುವುದು ಹೇಗೆ? ನಮ್ಮ ಹೊತ್ತು ನೋಡಿ ಕೇಳಿ. ಹತ್ತುವಾಗ ನಾವು ಬಾಗಿಲು, ಬ್ಯಾಗು, ತಲೆ ಲೆಕ್ಕ ಅಂತ ಒದ್ದಾಡುತ್ತಿರುತ್ತೇವೆ. ಅಮೆರಿಕದ ಬಹಳಷ್ಟು ಕಂಪನಿಗಳಲ್ಲಿ ಬಾಗಿಲು ಮುಚ್ಚುವವರೆಗೆ ಸಂಬಳದ ಗಡಿಯಾರವೇ ಓಡುತ್ತಿರಲಿಲ್ಲ. 2022ರಲ್ಲಿ ಅಲ್ಲಿನ ಡೆಲ್ಟಾ ಕಂಪನಿ ಪ್ರಯಾಣಿಕರನ್ನು ಹತ್ತಿಸುವ ಹೊತ್ತಿಗೂ ಅರ್ಧ ದರದ ಸಂಬಳ ಕೊಡಲು ಶುರು ಮಾಡಿದ್ದು ಅದಕ್ಕೇ ಸುದ್ದಿಯಾಯಿತು. ಕೇಳಲು ಒಳ್ಳೆ ಹೊತ್ತು ಊಟದ ತಟ್ಟೆ ಎತ್ತಿದ ಇಪ್ಪತ್ತು ನಿಮಿಷದ ನಂತರ. ಕೂತಲ್ಲೇ ಬಟನ್ ಒತ್ತುವ ಬದಲು ಗ್ಯಾಲಿಗೆ ನಡೆದು ಬನ್ನಿ, ನಿಮಗೂ ಕಾಲು ಆಡಿಸಿದ ಹಾಗಾಗುತ್ತದೆ. ಎದುರು ನಿಂತವರಿಗೆ ಇಲ್ಲ ಅನ್ನಲು ನಮಗೆ ಬಾಯಿ ಬರುವುದಿಲ್ಲ. ಖಾಲಿ ಬಾಟಲಿ ಕೊಟ್ಟರೆ ತುಂಬಿಸಿ ಕೊಡುತ್ತೇವೆ, ಆಗ ಲೋಟದ ತಾಪತ್ರಯವೇ ಇಲ್ಲ. ಪಥ್ಯದ ಊಟ ಮೊದಲೇ ಹೇಳಿದ್ದರೆ ಟ್ರಾಲಿಗಿಂತ ಮುಂಚೆ ಬರುತ್ತದೆ. ಅಮ್ಮ ಮಾತ್ರೆ ತಗೊಳ್ಳುವವರಾದರೆ ಅದು ಅನುಕೂಲ.

ನಿಮಗೆ ನನ್ನ ಸಲಹೆ: ಬಿಸಿನೆಸ್ ಇಬ್ಬರಿಗೂ ಸಲೀಸಾಗಿ ಆಗುತ್ತದೆ ಅಂದರೆ ಹೋಗುವಾಗ ಮಾತ್ರ ತಗೊಳ್ಳಿ. ವಾಪಸ್ ಬರುವುದು ಹಗಲಾದರೆ ಬೇಡ. ಆಗದಿದ್ದರೆ ಪ್ರೀಮಿಯಂ ಎಕಾನಮಿ, ಒಂದೂವರೆ ಪಟ್ಟಿನೊಳಗೆ ಸಿಕ್ಕಿದರೆ ಮತ್ತು ಕೈಯೂರಿನ ವಿಚಾರ ಸರಿಹೋದರೆ. ಅದೂ ದುಬಾರಿ ಅನ್ನಿಸಿದರೆ ಎಕಾನಮಿಯಲ್ಲೇ ಕಾಲಿಗೆ ಜಾಗ ಇರುವ ಸಾಲಿನ ಎರಡು ಸೀಟು ಹಿಡಿಯಿರಿ, ಬೇಸರ ಬೇಡ. ಯಾವುದೇ ಆದರೂ ಗಾಲಿಕುರ್ಚಿ ಬೇಕು ಅಂತ ಕನಿಷ್ಠ 48 ಗಂಟೆ ಮೊದಲೇ ಹೇಳಿ. ಸಾಮಾನ್ಯವಾಗಿ ಅದಕ್ಕೆ ದುಡ್ಡಿಲ್ಲ. ನಾನೇನು ನಡೆಯಲಾರದವಳಾ ಅಂತ ಅಮ್ಮ ರೇಗಬಹುದು. ವಿಮಾನ ನಿಲ್ದಾಣದೊಳಗೆ ಕಿಲೋಮೀಟರ್‌ಗಟ್ಟಲೆ ನಡೆಯಬೇಕು ಅಂತ ಹೇಳಿ ನೋಡಿ. ಅದು ಹೇಳಿದ್ದರೆ ನಮ್ಮ ಕೈಯಲ್ಲಿರುವ ಪ್ರಯಾಣಿಕರ ಪಟ್ಟಿಯಲ್ಲಿ ಅವರ ಹೆಸರಿನ ಎದುರು ಗುರುತು ಬರುತ್ತದೆ. ನೀವು ಬಾಯಿ ಬಿಡುವ ಮೊದಲೇ ಅವರಿಗೆ ನಡೆಯಲು ಕಷ್ಟ ಅನ್ನುವುದು ನಮಗೆ ಗೊತ್ತಿರುತ್ತದೆ. ಹತ್ತುವಾಗ ಮೊದಲು ಬಿಡುತ್ತಾರೆ. ಇಳಿಯುವಾಗ ಮಾತ್ರ ಗಾಲಿಕುರ್ಚಿಯವರು ಎಲ್ಲರಿಗಿಂತ ಕೊನೆಗೆ. ಕರೆದುಕೊಂಡು ಹೋಗಲು ಬರುವವರಿಗೆ ಮುಕ್ಕಾಲು ಗಂಟೆ ತಡವಾಗಿಯೇ ಬರಲು ಹೇಳಿ.